ಕಾರು ಬರುವವರೆಗೆ ಇರ್ಲಿ

ಹೋದ ತಿಂಗಳು ಗುಜರಿಯವ ಬಂದಿದ್ದ. ಯಾವಾಗಲೂ ಬರುವ ಅಜ್ಜ ಅಲ್ಲ, ಹೊಸ ಹುಡುಗ, ಟೆಂಪೋದ ತಲೆ ಮೇಲೆ ಮೈಕ್ ಕಟ್ಟಿಕೊಂಡು "ಹಳೇ ಕಬ್ಬಿಣ, ಹಳೇ ಬ್ಯಾಟ್ರಿ" ಅಂತ ರೆಕಾರ್ಡ್ ಹಾಕ್ಕೊಂಡು ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಗಲ್ಲಿಗೆ ನುಗ್ಗಿದ. ಅಮ್ಮ ಹಳೇ ಪೇಪರ್, ತಳ ತೂತಾದ ಕುಕ್ಕರ್ ಎಲ್ಲ ಜಗಲಿಗೆ ತಂದು ಇಟ್ಟಿದ್ರು. ಅವನ ಕಣ್ಣು ಮಾತ್ರ ಶೆಡ್ಡಲ್ಲಿ ಟರ್ಪಾಲ್ ಹೊದ್ಕೊಂಡು ನಿಂತಿದ್ದ ಅಪ್ಪನ ಯೆಜ್ಡಿ ಬೈಕ್ ಮೇಲೆ. ಟರ್ಪಾಲ್ ಎತ್ತಿ ಒಂದು ಸುತ್ತು ಬಂದ, ಬಗ್ಗಿ ನೋಡಿದ, ಬಲಗಡೆ ನೋಡಿದ, ಎಡಗಡೆ ನೋಡಿದ, ಆಮೇಲೆ ದೊಡ್ಡ ವ್ಯಾಪಾರಿಯ ಹಾಗೆ ಮುಖ ಮಾಡಿ ಹೇಳಿದ, "ಸರ್, ಇದಕ್ಕೆ ಕಿಕ್ಕರೇ ಇಲ್ಲ. ಯಾರೋ ಬಿಚ್ಕೊಂಡು ಹೋಗಿದ್ದಾರೆ. ಐನೂರು ಕಮ್ಮಿ ಆಗ್ತದೆ."

ನನಗೆ ನಗು ತಡಿಲಿಕ್ಕೆ ಆಗ್ಲಿಲ್ಲ. ಕಿಕ್ಕರ್, ಅಂದ್ರೆ ಒದ್ದು ಸ್ಟಾರ್ಟ್ ಮಾಡುವ ಲಿವರ್, ಅವನ ಕಣ್ಣ ಮುಂದೆಯೇ ಇತ್ತು. ಅದು ಎಲ್ಲಿತ್ತು ಅಂತ ಆಮೇಲೆ ಹೇಳ್ತೇನೆ.

ಅಪ್ಪ ಈ ಗಾಡಿ ತಗೊಂಡದ್ದು 1986ರಲ್ಲಿ. ಬ್ಯಾಂಕಲ್ಲಿ ಕ್ಯಾಶಿಯರ್, ದಿನಾ ಕಟಪಾಡಿಯಿಂದ ಮಂಗಳೂರು ಹಂಪನಕಟ್ಟೆಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ನೇತಾಡಿ ಹೋಗಿ ಸಾಕಾಗಿತ್ತು. ಅಜ್ಜ "ಎರಡು ಚಕ್ರದ್ದು ಎಂತಕ್ಕೆ, ದುಡ್ಡು ಹಾಳು" ಅಂದಾಗ ಅಪ್ಪ ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಆಮೇಲೆ ಗಾದೆಯ ಹಾಗೆ ಆಗಿ ಹೋಯ್ತು: "ಕಾರು ಬರುವವರೆಗೆ ಇರ್ಲಿ ಅಪ್ಪ." ಕಾರು ಬಂದದ್ದು 2001ರಲ್ಲಿ, ಅದೂ ಸೆಕೆಂಡ್ ಹ್ಯಾಂಡ್ ಮಾರುತಿ. ಆ ಕಾರೂ ಹೋಯ್ತು, ಅದರ ನಂತರದ್ದೂ ಹೋಯ್ತು, ಅಪ್ಪನೂ ಹೋದ್ರು. ಯೆಜ್ಡಿ ಉಂಟು.

ಬೈಕಿನ ಚರಿತ್ರೆ ಓದ್ಲಿಕ್ಕೆ ಶುರು ಮಾಡಿದ್ಮೇಲೆ ನನಗೆ ಗೊತ್ತಾದದ್ದು ಎಂತ ಅಂದ್ರೆ, ಲೋಕದ ಮೊದಲ ಪೆಟ್ರೋಲ್ ಬೈಕ್ ಮಾಡಿದ ಮನುಷ್ಯನ ತಲೆಯಲ್ಲಿ ಇದ್ದದ್ದೂ ಇದೇ ಮಾತು. ಗಾಟ್ಲೀಬ್ ಡೈಮ್ಲರ್. ಜರ್ಮನಿಯವ. ನಾಲ್ಕು ಸ್ಟ್ರೋಕ್ ಎಂಜಿನ್‌ಗೆ ಹೆಸರು ಮಾಡಿದ ಒಟ್ಟೋ ಎಂಬವನ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ, ಅಲ್ಲಿ ಸರಿ ಬರಲಿಲ್ಲ, 1882ರಲ್ಲಿ ಬಿಟ್ಟು ಬಂದು ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ತನ್ನ ಮನೆ ತೋಟದ ಗಾಜಿನ ಕೋಣೆಯನ್ನೇ ವರ್ಕ್‌ಶಾಪ್ ಮಾಡಿಕೊಂಡ. ಜೊತೆಗೆ ವಿಲ್ಹೆಲ್ಮ್ ಮೈಬಾಖ್. ಹಗಲು ರಾತ್ರಿ ಒಳಗೆ ಟಕ್ ಟಕ್ ಸದ್ದು, ಯಾರನ್ನೂ ಒಳಗೆ ಬಿಡುವುದಿಲ್ಲ, ತೋಟದ ಆಳಿಗೆ ಡೌಟ್ ಬಂದು ಇವ್ರು ಖೋಟಾ ನಾಣ್ಯ ಹೊಡಿತಿದ್ದಾರೆ ಅಂತ ಪೊಲೀಸರಿಗೆ ಹೇಳಿಬಿಟ್ಟ. ಪೊಲೀಸರು ನುಗ್ಗಿ ನೋಡಿದ್ರೆ ಇದ್ದದ್ದು ಬರೀ ಎಂಜಿನ್. ನಮ್ಮ ಊರಲ್ಲಾದ್ರೂ ಇದೇ ಆಗ್ತಿತ್ತು ಬಿಡಿ.

ಅವರಿಗೆ ಬೇಕಾದದ್ದು ಸಣ್ಣ, ಹಗುರದ, ಜೋರಾಗಿ ತಿರುಗುವ ಎಂಜಿನ್. ಗಾಡಿಗೆ, ದೋಣಿಗೆ, ಎಂತಕ್ಕೆ ಬೇಕಾದ್ರೂ ಹಾಕ್ಲಿಕ್ಕೆ ಆಗುವಂಥದ್ದು. ಎಂಜಿನ್ ಆಯ್ತು, 264 ಸಿಸಿ, ಅರ್ಧ ಹಾರ್ಸ್‌ಪವರ್. ಇದನ್ನು ಓಡಿಸಿ ನೋಡುವುದು ಎಲ್ಲಿ? ನಾಲ್ಕು ಚಕ್ರದ ಸಾರೋಟು ಎಳಿಲಿಕ್ಕೆ ಧೈರ್ಯ ಸಾಲಲಿಲ್ಲ. ಅದಕ್ಕೆ ಮರದ ಒಂದು ಚೌಕಟ್ಟು ಮಾಡಿ, ಮುಂದೊಂದು ಹಿಂದೊಂದು ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರ, ಬೀಳದ ಹಾಗೆ ಆಚೀಚೆ ಎರಡು ಪುಟಾಣಿ ಚಕ್ರ, ಮಕ್ಕಳ ಸೈಕಲ್‌ಗೆ ಇರ್ತದಲ್ಲ ಹಾಗೆ, ನಡುವೆ ಎಂಜಿನ್, ಮೇಲೆ ಕುದುರೆಯ ಜೀನಿನ ತರ ಸೀಟು. 1885ರ ನವೆಂಬರ್‌ನಲ್ಲಿ ಡೈಮ್ಲರ್‌ನ ಮಗ ಪೌಲ್ ಅದನ್ನು ಕಾನ್‌ಸ್ಟಾಟ್‌ನಿಂದ ಪಕ್ಕದ ಉಂಟರ್‌ಟ್ಯುರ್ಕ್‌ಹೈಮ್‌ಗೆ ಓಡಿಸಿದ. ಸ್ಪೀಡು ಗಂಟೆಗೆ ಹನ್ನೆರಡು ಕಿಲೋಮೀಟರ್ ಹತ್ತಿರ. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ ಇರಲಿಲ್ಲ, ಒಂದು ಸಣ್ಣ ನಳಿಗೆಯನ್ನು ಬೆಂಕಿಯಿಂದ ಕೆಂಪಗೆ ಕಾಯಿಸಿ ಆ ಬಿಸಿಗೆ ಪೆಟ್ರೋಲ್ ಹೊತ್ತಿಸುವ ವ್ಯವಸ್ಥೆ, ಆ ಬೆಂಕಿ ಇದ್ದದ್ದು ಸೀಟಿನ ಕೆಳಗೆ. ಸೀಟಿಗೆ ಬೆಂಕಿ ಹಿಡಿತು. ಮಗ ಬದುಕಿದ. ಲೋಕದ ಮೊದಲ ಬೈಕ್ ಟ್ರಿಪ್ಪಲ್ಲೇ ಸವಾರನ ಹಿಂದಕ್ಕೆ ಬೆಂಕಿ ಬಿತ್ತು ಅಂತ ಗೊತ್ತಾದಾಗ ನನಗೆ ಬೈಕಿನವರ ಬಗ್ಗೆ ಇದ್ದ ಗೌರವ ಇನ್ನೂ ಜಾಸ್ತಿ ಆಯ್ತು.

ಮುಂದಿನ ವರ್ಷವೇ ಡೈಮ್ಲರ್ ಸಾರೋಟಿಗೆ ಎಂಜಿನ್ ಕೂರಿಸಿದ. ಎರಡು ಚಕ್ರದ್ದರ ಕಡೆ ತಿರುಗಿ ನೋಡಲಿಲ್ಲ. ಕಾರು ಬರುವವರೆಗೆ ಇರ್ಲಿ, ಅಷ್ಟೇ. 1903ರಲ್ಲಿ ಫ್ಯಾಕ್ಟರಿಗೆ ಬೆಂಕಿ ಬಿದ್ದು ಆ ಮೊದಲ ಬೈಕೂ ಸುಟ್ಟು ಹೋಯ್ತು, ಈಗ ಮ್ಯೂಸಿಯಂಗಳಲ್ಲಿ ಇರುವುದೆಲ್ಲ ಆಮೇಲೆ ಮಾಡಿದ ನಕಲು.

ಡೈಮ್ಲರ್‌ಗೂ ಮೊದಲು ಹಬೆಯ ಬೈಕ್ ಇತ್ತು, ಅದನ್ನು ಬಿಟ್ರೆ ತಪ್ಪಾಗ್ತದೆ. ಅಮೆರಿಕಾದಲ್ಲಿ ಸಿಲ್ವೆಸ್ಟರ್ ರೋಪರ್ ಅಂತ ಒಬ್ಬ 1860ರ ದಶಕದಲ್ಲೇ ಸೈಕಲ್ ತರದ್ದಕ್ಕೆ ಬಾಯ್ಲರ್ ಕಟ್ಟಿದ್ದ. ಅಂದ್ರೆ ಎರಡು ಕಾಲಿನ ನಡುವೆ ಕುದಿಯುವ ನೀರಿನ ಹಂಡೆ ಇಟ್ಕೊಂಡು ಸವಾರಿ. 1896ರಲ್ಲಿ, 72ನೇ ವಯಸ್ಸಿನಲ್ಲಿ, ಸೈಕಲ್ ಟ್ರ್ಯಾಕ್ ಮೇಲೆ ತನ್ನ ಹಬೆ ಬೈಕ್ ಓಡಿಸ್ತಾ ಇರುವಾಗಲೇ ತೀರಿ ಹೋದ.

ಮಾರಾಟಕ್ಕೆ ಅಂತ ರಾಶಿ ಲೆಕ್ಕದಲ್ಲಿ ಮಾಡಿದ ಮೊದಲ ಬೈಕ್ 1894ರದ್ದು, ಮ್ಯೂನಿಕ್‌ನ ಹಿಲ್ಡೆಬ್ರಾಂಡ್ ಆ್ಯಂಡ್ ವುಲ್ಫ್‌ಮ್ಯುಲರ್. ಇದರ ಲೆಕ್ಕ ಕೇಳಿ. ಎಂಜಿನ್ 1489 ಸಿಸಿ. ನಮ್ಮ ಈಗಿನ ಕಾರಿಗಿಂತ ದೊಡ್ಡದು ಮಾರಾಯ್ರೆ. ಪವರ್ ಎಷ್ಟು? ಎರಡೂವರೆ ಹಾರ್ಸ್‌ಪವರ್. ಕ್ಲಚ್ ಇಲ್ಲ, ಗೇರ್ ಇಲ್ಲ, ಪಿಸ್ಟನ್‌ನ ರಾಡು ಸೀದಾ ಹಿಂದಿನ ಚಕ್ರಕ್ಕೇ, ರೈಲಿನ ಹಾಗೆ. ನಿಲ್ಲಿಸಬೇಕಾದ್ರೆ ಎಂಜಿನ್ನೇ ನಿಲ್ಲಿಸಬೇಕು, ಹೊರಡಬೇಕಾದ್ರೆ ತಳ್ಳಿಕೊಂಡು ಓಡಿ ಹತ್ತಬೇಕು. ತೊಂಬತ್ತು ವರ್ಷ ಆದ್ಮೇಲೆ ಬಂದ ಯಮಹಾದ ಆರ್‌ಎಕ್ಸ್ 100 ಬರೀ 98 ಸಿಸಿಯಲ್ಲಿ 11 ಹಾರ್ಸ್‌ಪವರ್ ಕೊಡ್ತಿತ್ತು. ನಡುವೆ ಎಷ್ಟು ಜನ ಎಷ್ಟು ಪ್ಲಗ್ಗು ತಿಕ್ಕಿರಬೇಕು ಅಂತ ಲೆಕ್ಕ ಹಾಕಿ.

ಈಗ ಯೆಜ್ಡಿಗೆ ಬರ್ತೇನೆ.

ಅಪ್ಪ ಬೈಕ್ ತಗೊಳ್ಳುವ ಹೊತ್ತಿಗೆ ಹೀರೋ ಹೋಂಡಾ ಸಿಡಿ 100 ಬಂದು ಒಂದು ವರ್ಷ ಆಗಿತ್ತು. ನಾಲ್ಕು ಸ್ಟ್ರೋಕ್, ಮೈಲೇಜು, "ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್" ಅಂತ ಪೇಪರಲ್ಲೆಲ್ಲ ಜಾಹೀರಾತು. ಬ್ಯಾಂಕಿನ ಅರ್ಧ ಜನ ಅದಕ್ಕೆ ಬುಕ್ ಮಾಡಿದ್ರು. ಅಪ್ಪ ನೋಡಿ ಬಂದು "ಅದಕ್ಕೆ ಸೌಂಡೇ ಇಲ್ಲ ಮಾರಾಯ, ಹಿಂದಿನಿಂದ ಬಂದ್ರೆ ನಾಯಿಗೂ ಗೊತ್ತಾಗ್ಲಿಕ್ಕಿಲ್ಲ" ಅಂದ್ರು. ಯೆಜ್ಡಿ ರೋಡ್‌ಕಿಂಗ್ 250 ಸಿಸಿ, ಎರಡು ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಮೈಸೂರಲ್ಲಿ ಮಾಡಿದ್ದು ಎನ್ನುವುದು ಅಪ್ಪನಿಗೆ ಇನ್ನೊಂದು ಹೆಮ್ಮೆ.

ಅದರ ಮೂಲ ಮಾತ್ರ ಝೆಕ್ ದೇಶ. ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ, ಕೈಬಾಂಬು ಬಂದೂಕು ಮಾಡಿ ದುಡ್ಡು ಮಾಡಿದವ. ಮೊದಲ ಮಹಾಯುದ್ಧ ಮುಗಿದು ಬಂದೂಕಿಗೆ ಗಿರಾಕಿ ಕಮ್ಮಿ ಆದಾಗ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗ ತಗೊಂಡ. ಯಾನೆಚೆಕ್‌ನ 'ಜಾ', ವಾಂಡರರ್‌ನ 'ವಾ', ಜಾವಾ. ಸಣ್ಣದಿರುವಾಗ ನಾನು ಇದು ಇಂಡೋನೇಷಿಯಾದ ಜಾವಾ ದ್ವೀಪದ ಬೈಕ್ ಅಂತ ತಿಳ್ಕೊಂಡಿದ್ದೆ. ಮೈಸೂರಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಶುರು ಆದದ್ದು 1960ರ ದಶಕದ ಮೊದಲಲ್ಲಿ, ಯೆಜ್ಡಿ ಅಂತ ಹೆಸರು ಬಂದದ್ದು 1973ರಲ್ಲಿ.

ಇಲ್ಲಿ ಒಂದು ವಿಷಯ ನನಗೆ ಬಹಳ ದಿನ ತಲೆ ತಿಂದಿತ್ತು. ಬೈಕ್ ಮಾಡಿದವರಲ್ಲಿ ಬಂದೂಕಿನವರು ಯಾಕೆ ಇಷ್ಟು ಜನ? ಬಿಎಸ್‌ಎ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅವರ ಗುರುತೇ ಒಟ್ಟಿಗೆ ನಿಲ್ಲಿಸಿದ ಮೂರು ಬಂದೂಕು. ರಾಯಲ್ ಎನ್‌ಫೀಲ್ಡಿನ ಹೆಸರು ಎನ್‌ಫೀಲ್ಡ್ ಊರಿನ ಸರ್ಕಾರಿ ಬಂದೂಕು ಫ್ಯಾಕ್ಟರಿಯಿಂದ ಬಂದದ್ದು, ಅದಕ್ಕೆ "ಮೇಡ್ ಲೈಕ್ ಎ ಗನ್" ಅನ್ನುವ ಘೋಷಣೆ. ಸ್ವೀಡನ್ನಿನ ಹುಸ್ಕ್‌ವಾರ್ನಾ, ಬೆಲ್ಜಿಯಂನ ಎಫ್‌ಎನ್, ಎಲ್ಲ ಬಂದೂಕೇ. ಇದಕ್ಕೆ ಉತ್ತರ ಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ಉದ್ಯಾವರದ ನಮ್ಮ ಮೆಕ್ಯಾನಿಕ್ ಸಾಯ್ಬ್ರು. ಒಂದು ದಿನ ಬೋರ್ ಹೊಡೆಸಿ, ಅಂದ್ರೆ ಒಳಗೆ ಕೊರೆಸಿ ನುಣ್ಣಗೆ ಮಾಡಿಸಿ, ತಂದ ಸಿಲಿಂಡರನ್ನು ಬೆಳಕಿಗೆ ಹಿಡಿದು ಒಳಗೆ ನೋಡ್ತಾ ಇದ್ರು. ನಾನು ಈ ಪ್ರಶ್ನೆ ಕೇಳಿದೆ. "ನೋಡಿ ರಾಯ್ರೆ, ಒಳಗೆ ಉರುಟು ತೂತು, ಕನ್ನಡಿಯ ಹಾಗೆ ನುಣ್ಣಗೆ, ಒಳಗೆ ಢಂ ಅಂದ್ರೂ ಒಡೀಬಾರ್ದು. ಇದು ಬಂದೂಕಲ್ಲದೆ ಮತ್ತೆಂತ?" ಅಂದ್ರು. ಸೈಕಲ್ಲೂ ಬಂದೂಕೂ ಒಟ್ಟಿಗೆ ಮಾಡಿ ಅಭ್ಯಾಸ ಇದ್ದ ಆ ಫ್ಯಾಕ್ಟರಿಗಳಿಗೆ ಬೈಕ್ ಅಂದ್ರೆ ಎರಡನ್ನೂ ಕೂಡಿಸುವುದು ಅಷ್ಟೇ.

ಎರಡು ಸ್ಟ್ರೋಕ್ ನಾಲ್ಕು ಸ್ಟ್ರೋಕ್ ಅಂದ್ರೆ ಎಂತ ಅಂತ ನನಗೆ ಗೊತ್ತಾದದ್ದೂ ಅದೇ ಸಾಯ್ಬ್ರ ಗ್ಯಾರೇಜಲ್ಲಿ. ಸಿಡಿ 100 ತರದ್ದು ಸಾವಕಾಶದ ಮನುಷ್ಯ: ಪಿಸ್ಟನ್ ಕೆಳಗೆ ಹೋಗುವಾಗ ಗಾಳಿ ಪೆಟ್ರೋಲ್ ಎಳ್ಕೊಳ್ತದೆ, ಮೇಲೆ ಬರುವಾಗ ಒತ್ತುತ್ತದೆ, ಪ್ಲಗ್ ಕಿಡಿ ಹಾರಿಸಿದಾಗ ಸಿಡಿದು ಕೆಳಗೆ ತಳ್ಳಿಸಿಕೊಳ್ತದೆ, ಮತ್ತೆ ಮೇಲೆ ಬಂದು ಹೊಗೆ ಹೊರಗೆ ದಬ್ಬುತ್ತದೆ. ಕೆಳಗೆ, ಮೇಲೆ, ಕೆಳಗೆ, ಮೇಲೆ, ನಾಲ್ಕು ಓಟಕ್ಕೆ ಒಂದು ಢಂ. ಯೆಜ್ಡಿಯದ್ದು ಹಾಗಲ್ಲ, ಹಳೇದು ಹೊರಗೆ ಹೋಗುವಾಗಲೇ ಹೊಸದು ಒಳಗೆ ನುಗ್ತದೆ, ಎರಡೇ ಓಟಕ್ಕೆ ಒಂದು ಢಂ. ವಾಲ್ವ್ ಇಲ್ಲ, ಪಿಸ್ಟನ್ನೇ ಕಿಂಡಿ ತೆಗೆದು ಮುಚ್ಚುವ ಬಾಗಿಲು. ಗಡಿಬಿಡಿಯಲ್ಲಿ ಸ್ವಲ್ಪ ಪೆಟ್ರೋಲ್ ಸುಡದೆಯೇ ಹೊಗೆ ಜೊತೆ ಹೊರಗೆ ಹೋಗ್ತದೆ, ಮೈಲೇಜ್ ಕಮ್ಮಿ ಆಗುವುದು ಅದಕ್ಕೆ. ಇನ್ನೊಂದು ಸಂಗತಿ, ಪೆಟ್ರೋಲ್ ಒಳಗೆ ಹೋಗುವ ದಾರಿಯೇ ಎಂಜಿನ್ನಿನ ಹೊಟ್ಟೆ, ಅಲ್ಲಿ ಬೇರೆ ಆಯಿಲ್ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ, ಆದ್ದರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಆ ನೀಲಿ ಹೊಗೆ, ಆ ವಾಸನೆ, ಎಲ್ಲ ಆ ಆಯಿಲ್ ಸುಟ್ಟದ್ದು. ಎರಡು ವರ್ಷಕ್ಕೊಮ್ಮೆ ಸೈಲೆನ್ಸರಲ್ಲಿ ಮಸಿ ಕಟ್ಟಿ ಬೈಕ್ ಕೆಮ್ಮಲಿಕ್ಕೆ ಶುರು ಮಾಡುವಾಗ ಸಾಯ್ಬ್ರು ಸೈಲೆನ್ಸರ್ ಬಿಚ್ಚಿ ಒಳಗಿನ ನಳಿಗೆ ಎಳೆದು ತೆಂಗಿನ ಗೆರಟೆ ಬೆಂಕಿಯಲ್ಲಿ ಸುಟ್ಟು ಕುಟ್ಟಿ ಕೊಡ್ತಿದ್ರು.

ಆಯಿಲ್ ಬೆರೆಸುವುದರಲ್ಲಿ ಅಪ್ಪನಿಗೆ ಒಂದು ಕಂಜೂಸ್‌ತನ ಇತ್ತು. ಪಂಪಿನವ ಅಳೆದು ಹಾಕುವಾಗ "ಸಾಕು ಸಾಕು" ಅಂತಿದ್ರು. ಅದರ ಬೆಲೆ ತೆತ್ತದ್ದು ಆಗುಂಬೆಯಲ್ಲಿ. ಅಪ್ಪ, ಹಿಂದೆ ಅಮ್ಮ, ಟ್ಯಾಂಕ್ ಮೇಲೆ ನಾನು, ಅಮ್ಮನ ಮಡಿಲಲ್ಲಿ ಒಂದು ಬ್ಯಾಗು, ಶೃಂಗೇರಿಗೆ ಹೊರಟದ್ದು. ಸೋಮೇಶ್ವರದಿಂದ ಘಾಟಿ ಹತ್ತಿ ಏಳೋ ಎಂಟೋ ತಿರುವು ಆಗಿರ್ಬೇಕು, ಎಂಜಿನ್ "ಕೀಂ" ಅಂದು ಹಿಂದಿನ ಚಕ್ರ ಕಚ್ಚಿಕೊಂಡೇ ನಿಂತಿತು. ಸೀಝ್. ಆಯಿಲ್ ಸಾಲದೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಹಿಡ್ಕೊಂಡದ್ದು. ಅಪ್ಪ ಕ್ಲಚ್ ಒತ್ತಿದ್ದಕ್ಕೆ ನಾವು ಬೀಳಲಿಲ್ಲ. ಒಂದು ಗಂಟೆ ಕಲ್ಲಿನ ಮೇಲೆ ಕೂತು ಮಂಗಗಳಿಗೆ ನಮ್ಮ ಬನ್ಸ್ ಒಪ್ಪಿಸಿದೆವು. ತಣಿದ್ಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಅಮ್ಮ ಬಸ್ಸಲ್ಲೇ ವಾಪಸ್ ಬರ್ತೇನೆ ಅಂತ ಹಟ ಹಿಡಿದ್ರು, ಬಂದದ್ದೂ ಬಸ್ಸಲ್ಲೇ. ಅಪ್ಪ ಇಳಿಯುವಾಗ ಆಗಾಗ ಸುಮ್ಮನೆ ಆ್ಯಕ್ಸಿಲರೇಟರ್ ತಿರುಗಿಸ್ತಿದ್ರು, ನಾನು ಮಜಾಕ್ಕೆ ಅಂತ ತಿಳ್ಕೊಂಡಿದ್ದೆ. ಎರಡು ಸ್ಟ್ರೋಕಲ್ಲಿ ಪೆಟ್ರೋಲ್ ನಿಲ್ಲಿಸಿದ್ರೆ ಆಯಿಲೂ ನಿಂತ ಹಾಗೆ, ಉದ್ದ ಇಳಿಜಾರಲ್ಲಿ ಎಂಜಿನ್ ಬಾಯಾರಿ ಸಾಯ್ತದೆ, ಮಧ್ಯೆ ಮಧ್ಯೆ ಒಂದೊಂದು ಗುಟುಕು ಕೊಡಬೇಕು. ಕಂಜೂಸ್ ಆದ್ರೂ ಅಷ್ಟು ಕಲಿತಿದ್ರು ಆ ಒಂದು ಗಂಟೆಯಲ್ಲಿ.

ರಾಯಲ್ ಎನ್‌ಫೀಲ್ಡಿನ ಬುಲೆಟ್ ಬಗ್ಗೆ ಎಲ್ಲರೂ ಬರೀತಾರೆ, ನಾನು ಕಮ್ಮಿ ಬರೀತೇನೆ. ಸೈನ್ಯಕ್ಕೆ ಬೇಕು ಅಂತ ಬಂದದ್ದು, 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರು ಆಯ್ತು, 1970ರಲ್ಲಿ ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿದ್ರೂ ಮಗು ಇಲ್ಲಿ ಬದುಕಿತು. ಬೊಂಬಾಯಿಯಲ್ಲಿದ್ದ ನನ್ನ ಮಾವನ ಹತ್ತಿರ ಒಂದಿತ್ತು. ಹಳೇ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಯೆಜ್ಡಿಯ ಪೂರಾ ಉಲ್ಟಾ. ಕಾಲೇಜಲ್ಲಿರುವಾಗ ಮಾವನಿಗೆ ಹೇಳದೆ ತಗೊಂಡು ಹೋಗಿ, ಬ್ರೇಕ್ ಅಂತ ಗೇರ್ ತುಳಿದು, ಕಟಪಾಡಿ ಪೇಟೆಯಲ್ಲಿ ಬೊಂಡದ ರಾಶಿಯೊಳಗೆ ಹೋಗಿ ನಿಂತಿದ್ದೆ. ಮಾವ ಬೈಯಲಿಲ್ಲ. ಬೊಂಡದ ದುಡ್ಡು ಕೊಟ್ಟು, ಒಡೆದದ್ದನ್ನೆಲ್ಲ ನನ್ನಿಂದಲೇ ಕುಡಿಸಿದ್ರು. ಅಮೆರಿಕಾದ ಹಾರ್ಲೆ ಬೈಕ್ ಬಗ್ಗೆ ಕೇಳ್ಬೇಡಿ, 1903ರಿಂದ ಇದೆ, ಚಂದ ಉಂಟು, ನಮ್ಮ ಗಲ್ಲಿಯಲ್ಲಿ ತಿರುಗಿಸ್ಲಿಕ್ಕೆ ಜಾಗ ಇಲ್ಲ.

ನಾನೇ ದುಡಿದು ತಗೊಂಡ ಮೊದಲ ಬೈಕ್ ಆರ್‌ಎಕ್ಸ್ 100, ಸೆಕೆಂಡ್ ಹ್ಯಾಂಡ್. ಅದರ ವಂಶವೃಕ್ಷ ಒಂದು ಯಕ್ಷಗಾನ ಪ್ರಸಂಗದಷ್ಟು ಉದ್ದ ಉಂಟು. ಜರ್ಮನಿಯ ಡಿಕೆಡಬ್ಲ್ಯು ಕಂಪನಿ 1939ರಲ್ಲಿ ಆರ್‌ಟಿ 125 ಅಂತ ಒಂದು ಎರಡು ಸ್ಟ್ರೋಕ್ ಬೈಕ್ ಮಾಡಿತ್ತು. ಯುದ್ಧ ಸೋತ್ಮೇಲೆ ಅದರ ನಕ್ಷೆ ಗೆದ್ದವರ ಪಾಲಾಯ್ತು. ಬ್ರಿಟನ್ನಿನ ಬಿಎಸ್‌ಎ ಬ್ಯಾಂಟಮ್ ಮಾಡಿದ, ಹಾರ್ಲೆಯವ ಒಂದು ಮಾಡಿದ, ರಷ್ಯಾದವ ಒಂದು ಮಾಡಿದ. ಜಪಾನಿನಲ್ಲಿ ಹಾರ್ಮೋನಿಯಂ, ಪಿಯಾನೋ ಮಾಡಿಕೊಂಡಿದ್ದ ಯಮಹಾದವರೂ 1955ರಲ್ಲಿ ಅದೇ ಮಾದರಿ ಇಟ್ಕೊಂಡು ತಮ್ಮ ಮೊದಲ ಬೈಕ್ ವೈಎ-1 ತಂದ್ರು. ಜನ ಅದನ್ನು ಕೆಂಪು ಏರೋಪ್ಲೇನ್ ಚಿಟ್ಟೆ ಅಂತ ಕರೆದ್ರಂತೆ. ಆ ಮನೆತನದ ಎರಡು ಸ್ಟ್ರೋಕ್ ವಿದ್ಯೆಯೇ ಮೂವತ್ತು ವರ್ಷ ಆದ್ಮೇಲೆ 1985ರಲ್ಲಿ ಆರ್‌ಎಕ್ಸ್ 100 ಆಗಿ ಇಲ್ಲಿಗೆ ಬಂದದ್ದು. ಮಣಿಪಾಲದ ಏರು ಮೂರನೇ ಗೇರಲ್ಲಿ ಹತ್ತುವಾಗ ಅದು ಹಾಕುವ ಆ ಕೂಗು, ಅದು ಗೊತ್ತಿದ್ದವರಿಗೆ ಹೇಳುವುದು ಬೇಡ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನ ಇಲ್ಲ. 1996ರಲ್ಲಿ ಅದು ನಿಂತಿತು. ಮೈಸೂರಿನ ಯೆಜ್ಡಿ ಫ್ಯಾಕ್ಟರಿ ಬಾಗಿಲು ಹಾಕಿದ್ದೂ ಅದೇ ವರ್ಷ. ಹೊಗೆಯ ಕಾನೂನು ಬಿಗಿ ಆಗ್ತಾ ಬಂತು, ಪೆಟ್ರೋಲ್ ತುಟ್ಟಿ ಆಗ್ತಾ ಬಂತು, ಅಪ್ಪ ಸೌಂಡಿಲ್ಲ ಅಂತ ಬೇಡ ಅಂದ ಬೈಕೇ ಗೆದ್ದಿತು.

ಆ ಗೆದ್ದವನ ಕತೆಯೂ ಸಣ್ಣದಲ್ಲ. ಸಿಡಿ 100, ಆಮೇಲಿನ ಸ್ಪ್ಲೆಂಡರ್, ಇವುಗಳ ಎಂಜಿನ್ ನೋಡಿ, ಸಿಲಿಂಡರ್ ಮುಂದಕ್ಕೆ ಅಡ್ಡ ಮಲಗಿದ ಹಾಗೆ ಇರ್ತದೆ. ಅದು ಹೋಂಡಾದ ಸೂಪರ್ ಕಬ್ ಮನೆತನದ ಗುರುತು. 1958ರಲ್ಲಿ ಆ ಕಬ್ ಮಾಡುವಾಗ ಸೋಯಿಚಿರೋ ಹೋಂಡಾ ಮತ್ತು ಅವನ ಪಾಲುದಾರ ಫುಜಿಸಾವಾ ಇಟ್ಕೊಂಡ ಲೆಕ್ಕ ಒಂದೇ: ಹೋಟೆಲಿನ ಹುಡುಗ ಒಂದು ಕೈಯಲ್ಲಿ ಸೋಬಾ ಶಾವಿಗೆಯ ತಟ್ಟೆ ಹಿಡಿದು ಇನ್ನೊಂದೇ ಕೈಯಲ್ಲಿ ಓಡಿಸುವ ಹಾಗಿರಬೇಕು. ಅದಕ್ಕೆ ಕ್ಲಚ್ ಲಿವರನ್ನೇ ತೆಗೆದುಬಿಟ್ರು. 2017ರ ಹೊತ್ತಿಗೆ ಹತ್ತು ಕೋಟಿ ಗಾಡಿ ಆಯ್ತು. ಎಂಜಿನ್ ಇರುವ ಬೇರೆ ಯಾವ ಗಾಡಿಯೂ ಅಷ್ಟು ಆಗಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಎಂ80 ಮೀನಿನವರು. ಬಜಾಜ್ ಎಂ80, ಅತ್ತ ಬೈಕಲ್ಲ ಇತ್ತ ಸ್ಕೂಟರಲ್ಲ, ಹಿಂದೆ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆ, ಬೆಳಗ್ಗೆ ಮಲ್ಪೆ ಬಂದರಿನಿಂದ ಹೊರಟು ಹಾರ್ನ್ "ಪೋಂ ಪೋಂ" ಅಂತ ಬಡ್ಕೊಂಡು ಹಳ್ಳಿ ಹಳ್ಳಿಗೆ. ಆ ಹಾರ್ನಿಗೆ ಮನೆ ಹೆಂಗಸರಿಗಿಂತ ಮೊದಲು ಬೆಕ್ಕು ಓಡಿ ಬರುವುದು. ಅವರು ಯಾರೂ ಅದನ್ನು ಕಾರು ಬರುವವರೆಗೆ ಅಂತ ತಗೊಂಡದ್ದಲ್ಲ. ಡೈಮ್ಲರ್‌ಗೆ, ನನ್ನ ಅಪ್ಪನಿಗೆ, ನನಗೂ ಸಹ, ಬೈಕ್ ಅಂದ್ರೆ ಒಂದು ಮೆಟ್ಟಿಲು, ಮದುವೆಗೆ ಮೊದಲಿನ ಬಾಡಿಗೆ ರೂಮಿನ ಹಾಗೆ. ಮೀನಿನವರಿಗೆ ಅದೇ ಮನೆ. ಉಪ್ಪುಗಾಳಿಗೆ, ಮೀನಿನ ನೀರಿಗೆ ಚಾಸಿಸ್ ತುಕ್ಕು ತಿಂದು ತೂತಾದ್ರೆ ವೆಲ್ಡಿಂಗ್ ಮಾಡಿಸಿ ಮತ್ತೆ ಓಡಿಸ್ತಿದ್ರು.

ತುಕ್ಕು ಅಂದಾಗ ನೆನಪಾಯ್ತು, ಈ ಕರಾವಳಿಯಲ್ಲಿ ಹಳೇ ಬೈಕ್ ಇಡುವುದು ಅಂದ್ರೆ ದಿನಾ ಸಮುದ್ರದ ಜೊತೆ ಜಗಳ. ಬೆಂಗಳೂರಿನ ಫ್ರೆಂಡಿನ ಜಾವಾ ಹತ್ತು ವರ್ಷ ಹೊರಗೆ ನಿಂತ್ರೂ ಕ್ರೋಮ್ ಹೊಳಿತದೆ. ನಮ್ಮದು ಮಟ್ಟು ಕಡಲ ಕಡೆಯಿಂದ ಬೀಸುವ ಗಾಳಿ ಒಂದು ಮಳೆಗಾಲ ತಾಗಿದ್ರೆ ಸಾಕು, ಸೈಲೆನ್ಸರ್ ಮೇಲೆ ಕಂದು ಚುಕ್ಕೆ. ಜೂನಿಗೆ ಮೊದಲು ಇಡೀ ಗಾಡಿಗೆ ಹಳೇ ಎಂಜಿನ್ ಆಯಿಲ್ ಬಳಿದು ಇಡ್ತೇನೆ, ದೀಪಾವಳಿಗೆ ಸೀಮೆಎಣ್ಣೆ ಹಾಕಿ ತೊಳಿತೇನೆ. ಅಮ್ಮ ಪ್ರತಿ ವರ್ಷ "ಇದನ್ನೊಂದು ಕೊಟ್ಟು ಬಿಡು ಮಾರಾಯ, ಹಾವು ಸೇರ್ಕೊಳ್ತದೆ" ಅಂತಾರೆ. ಒಮ್ಮೆ ಸೇರಿಕೊಂಡಿತ್ತು ಕೂಡ, ಕೇರೆ ಹಾವು, ಸೀಟಿನ ಕೆಳಗೆ. ಅಮ್ಮನಿಗೆ ಇವತ್ತಿನವರೆಗೂ ಹೇಳಲಿಲ್ಲ.

ಹಾಂ, ಗುಜರಿ ಹುಡುಗ. ಅವನಿಗೆ ನಾನು ಯೆಜ್ಡಿಯ ಎಡಗಡೆ ಗೇರ್ ಲಿವರ್ ತೋರಿಸಿದೆ. "ಇದು ಗೇರಲ್ವಾ ಸರ್" ಅಂದ. ಪೆಟ್ರೋಲ್ ಕಾಕ್ ತಿರುಗಿಸಿ, ಆ ಲಿವರನ್ನು ಪಾದದಲ್ಲಿ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದೆ. ಗೇರ್ ಲಿವರ್ ನೆಟ್ಟಗೆ ಎದ್ದು ನಿಂತು ಕಿಕ್ಕರ್ ಆಯ್ತು. ಹಳೇ ಜಾವಾ ಯೆಜ್ಡಿಯಲ್ಲಿ ಎರಡೂ ಒಂದೇ, ಬೇರೆ ಕಿಕ್ಕರೇ ಇಲ್ಲ. ಮೂರನೇ ಒದೆತಕ್ಕೆ ಕೆಮ್ಮಿತು, ಆರನೆಯದಕ್ಕೆ ಹಿಡಿತು, ಶೆಡ್ಡಿಡೀ ನೀಲಿ ಹೊಗೆ, ಮಾಡಿನ ಅಡಿಯಲ್ಲಿದ್ದ ಪಾರಿವಾಳ ಎಲ್ಲ ಹಾರಿ ಹೋದವು, ಒಳಗಿನಿಂದ ಅಮ್ಮ "ಬಟ್ಟೆ ಒಣಗಿಸಿದ್ದೇನೆ ಮಾರಾಯಾ" ಅಂತ ಬೊಬ್ಬೆ ಹಾಕಿದ್ರು.

ಹುಡುಗ ಮೊಬೈಲ್ ತೆಗೆದ. "ಬಂದ್ ಮಾಡಿ ಸರ್, ಇನ್ನೊಮ್ಮೆ ಮೊದಲಿಂದ ಮಾಡಿ, ಆ ಲಿವರ್ ತಿರುಗಿಸುವುದು ಸರಿ ಕಾಣ್ಬೇಕು" ಅಂದ. ಮಾಡಿದೆ. ವೀಡಿಯೋ ತೆಗೆದುಕೊಂಡು, ಎರಡು ಸಲ ನೋಡಿ, ಯಾರಿಗೋ ಕಳಿಸಿ, ಆಮೇಲೆ ಪೇಪರ್ ತೂಗಿ, ಕುಕ್ಕರಿಗೆ ಎಂಬತ್ತು ರೂಪಾಯಿ ಕೊಟ್ಟು ಹೋದ. ಕುಕ್ಕರಿಗೆ ಸೀಟಿ ಇಲ್ಲ ಅಂತ ಮಾತ್ರ ಹತ್ತು ರೂಪಾಯಿ ಕಡಿಮೆ ಮಾಡಿದ್ದ.